ಗಾಂಧಿ ಕ್ಲಾಸಿನಿಂದ: ಅಳುವ ಅಮ್ಮ, ಆಳುವ ಅಮ್ಮ

ಅಭಿಮಾನಿ ಮಿತ್ರರೇ, ಈ ವಾರ ನಿಮಗೊಂದು ಪಂದ್ಯ!

ಹೇಗೂ ಬಸ್ಸು ಬರುವುದಕ್ಕೆ ಹೊತ್ತಿದೆ. ನೀವು ನೋಡಿದ ಹತ್ತು ಸಿನಿಮಾ ನೆನಪು ಮಾಡಿಕೊಳ್ಳಿ. ಹೀರೋ ಹೆಸರು? ಥಟ್ಟನೆ ಹೇಳ್ತೀರಿ. ವಿಲನ್ ಹೆಸರು? ಅದೂ ನಾಲಗೆ ತುದಿಯಲ್ಲಿದೆ. ಹೀರೋ ಓಡಿಸಿದ ಬೈಕು ಯಾವುದು, ಇಂಟರ್‌ವಲ್‌ಗೆ ಮುಂಚಿನ ಫೈಟು ಎಲ್ಲಿ ನಡೆಯಿತು, ಒಂದೇ ಏಟಿಗೆ ಎಷ್ಟು ಜನ ಬಿದ್ದರು... ಲೆಕ್ಕ ತಪ್ಪುವ ಪೈಕಿ ನೀವಲ್ಲ, ನನಗೆ ಗೊತ್ತು. ಸರಿ, ಈಗ ಆ ಹತ್ತೂ ಚಿತ್ರಗಳಲ್ಲಿ ಹೀರೋನ ತಾಯಿಯ ಹೆಸರು ಹೇಳಿ ನೋಡೋಣ! ನಟಿಯ ಹೆಸರಲ್ಲ, ಪಾತ್ರದ ಹೆಸರು.

ಯಾಕೆ ಗುರೂ, ಗಂಟಲು ಕಟ್ಟಿತೇ?

ತಪ್ಪು ನಿಮ್ಮದಲ್ಲ ಬಿಡಿ. ಎಷ್ಟೋ ಚಿತ್ರಗಳಲ್ಲಿ ಆಕೆಗೆ ಹೆಸರೇ ಇಟ್ಟಿರುವುದಿಲ್ಲ. ಮೊದಲ ರೀಲಿನಲ್ಲಿ ವಿಧವೆಯಾಗುತ್ತಾಳೆ. ಎರಡನೇ ರೀಲಿನಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾಳೆ. ಮೆಷಿನ್ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಡ್ಡಿ ಹುಡುಗ ಆರಡಿ ಹೀರೋ ಆಗಿ ನಿಂತಿರುತ್ತಾನೆ! ಅಲ್ಲಿಂದ ಆಕೆಗೆ ಕೆಮ್ಮು ಶುರು. ಮಗ ಡಿಗ್ರಿ ತಂದರೆ ಗೋಡೆಯ ಫೋಟೋ ಮುಂದೆ ನಿಂತು ಅಳುತ್ತಾಳೆ, ಮಗ ಜೈಲಿಗೆ ಹೋದರೂ ಅದೇ ಫೋಟೋ ಮುಂದೆ ನಿಂತು ಅಳುತ್ತಾಳೆ. ಕೊನೇ ರೀಲಿನಲ್ಲಿ ಗೋಡೌನ್ ಕಂಬಕ್ಕೆ ಕಟ್ಟಿಸಿಕೊಂಡು ಮಗನನ್ನು ಕೂಗುತ್ತಾಳೆ, ಇಲ್ಲವೇ ಅವನಿಗೆ ಬೀಳಬೇಕಾದ ಗುಂಡು ತಾನು ತಿಂದು ಅವನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ. ನಾವು ಕಣ್ಣೊರೆಸಿಕೊಂಡು, ಹೊರಗೆ ಬಂದು ಟೀ ಕುಡಿದು, ಆಕೆಯನ್ನು ಅಲ್ಲೇ ಮರೆತು ಬಸ್ಸು ಹತ್ತುತ್ತೇವೆ.

ಆದರೆ ಮರೆಯಲಾಗದ ತಾಯಂದಿರೂ ಇದ್ದಾರೆ. ಪುಸ್ತಕದಲ್ಲಿ ಇದ್ದಾರೆ, ಪುಸ್ತಕದಿಂದ ಇಳಿದು ತೆರೆಗೆ ಬಂದವರೂ ಇದ್ದಾರೆ. ಅವರು ಯಾಕೆ ಮರೆಯುವುದಿಲ್ಲ? ಈ ವಾರದ ತಕರಾರು ಅದೇ.

ಮೊದಲ ತಾಯಿ ಪುಣ್ಯಕೋಟಿ

ಕನ್ನಡದ ಮಕ್ಕಳಿಗೆ ಕಥೆಯಲ್ಲಿ ಸಿಗುವ ಮೊದಲ ತಾಯಿ ಯಾರು ಹೇಳಿ? ಗೋವಿನ ಹಾಡಿನ ಪುಣ್ಯಕೋಟಿ! ಹುಲಿಯ ಕೈಗೆ ಸಿಕ್ಕಿಬಿದ್ದ ಹಸು. ಮನೆಗೆ ಹೋಗಿ ಕರುವಿಗೆ ಹಾಲೂಡಿಸಿ ವಾಪಸ್ ಬರುತ್ತೇನೆಂದು ಮಾತು ಕೊಡುತ್ತದೆ. ಕರು ಹೋಗಬೇಡ ಅನ್ನುತ್ತದೆ. ಪುಣ್ಯಕೋಟಿ ಕರುವನ್ನು ಮಂದೆಯ ಉಳಿದ ಹಸುಗಳಿಗೆ ಒಪ್ಪಿಸಿ ಗವಿಯ ದಾರಿ ಹಿಡಿಯುತ್ತದೆ.

ಕರುವನ್ನು ಬಿಟ್ಟುಹೋಗುವ ದುಃಖ ಅದಕ್ಕಿಲ್ಲವೇ? ಇದೆ. ಆದರೆ ನಮಗೆ ನೆನಪಿರುವುದು ಅದು ಅತ್ತದ್ದಲ್ಲ, ಹೊರಟದ್ದು. ತೀರ್ಮಾನ ಅದರದ್ದು. ಕರು ತಡೆದರೂ ನಿಲ್ಲಲಿಲ್ಲ. ಯಾವ ತಾಯಿ ಪಾತ್ರ ಸಿಕ್ಕರೂ ನಾನು ಹಾಕುವ ಪರೀಕ್ಷೆ ಇದೊಂದೇ: ಕಥೆಯಲ್ಲಿ ಆಕೆ ತನ್ನದೇ ಆದ ಒಂದು ತೀರ್ಮಾನ ಮಾಡುತ್ತಾಳಾ? ಮಾಡಿದರೆ ಪಾಸು. ಬರೀ ಅತ್ತರೆ, ಎಷ್ಟೇ ಚೆನ್ನಾಗಿ ಅತ್ತರೂ, ಫೇಲು!

ಬಂದೂಕು ಎತ್ತಿದ ರಾಧಾ

ಈ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವಳು 'ಮದರ್ ಇಂಡಿಯಾ' ಚಿತ್ರದ ರಾಧಾ. ಮೆಹಬೂಬ್ ಖಾನ್ 1940ರಲ್ಲಿ 'ಔರತ್' ಅಂತ ತೆಗೆದಿದ್ದ ಕಥೆಯನ್ನೇ 1957ರಲ್ಲಿ ಬಣ್ಣದಲ್ಲಿ, ಭಾರಿಯಾಗಿ ಮತ್ತೆ ತೆಗೆದರು. ರಾಧಾ ಪಾತ್ರ ನರ್ಗಿಸ್ ಅವರದು. ಗಂಡ (ನಮ್ಮ ಅಣ್ಣಾವ್ರಲ್ಲ, ಹಿಂದಿಯ ರಾಜ್‌ಕುಮಾರ್) ಬಂಡೆಗೆ ಸಿಕ್ಕಿ ಎರಡೂ ಕೈ ಕಳೆದುಕೊಂಡು, ಅವಮಾನ ತಾಳದೆ ಮನೆ ಬಿಟ್ಟು ಹೋಗುತ್ತಾನೆ. ಸಾಲ, ಪ್ರವಾಹ, ಹಸಿವು, ಮೈಮೇಲೆ ಕಣ್ಣಿಟ್ಟ ಸಾಹುಕಾರ. ಎಲ್ಲದರ ನಡುವೆ ಆಕೆ ಎತ್ತಿನ ಜಾಗದಲ್ಲಿ ತಾನೇ ನಿಂತು ನೇಗಿಲು ಎಳೆದು ಮಕ್ಕಳನ್ನು ಸಾಕುತ್ತಾಳೆ.

ಇಷ್ಟಕ್ಕೇ ನಿಂತಿದ್ದರೆ ರಾಧಾ ಕೂಡ ಸಾವಿರದಲ್ಲಿ ಒಬ್ಬಳಾಗುತ್ತಿದ್ದಳು. ಆದರೆ ಕಿರಿಯ ಮಗ ಬಿರ್ಜು ಡಕಾಯಿತನಾಗಿ, ಸಾಹುಕಾರನನ್ನು ಕೊಂದು, ಮದುವೆ ಚಪ್ಪರದಿಂದ ಅವನ ಮಗಳನ್ನೇ ಹೊತ್ತುಕೊಂಡು ಹೊರಟಾಗ, ಅದೇ ರಾಧಾ ಬಂದೂಕು ಎತ್ತಿ ತನ್ನ ಮುದ್ದಿನ ಮಗನಿಗೇ ಗುಂಡು ಹೊಡೆಯುತ್ತಾಳೆ! ಶತ್ರುವಿನ ಮಗಳಾದರೂ ಅವಳೂ ಊರಿನ ಹೆಣ್ಣುಮಗಳೇ ಅನ್ನುವುದು ಆಕೆಯ ನ್ಯಾಯ. ಹೊಡೆದ ಮೇಲೆ ಓಡಿಹೋಗಿ ಮಗನನ್ನು ಅಪ್ಪಿಕೊಂಡು ಅಳುತ್ತಾಳೆ. ಆ ಅಳು ನೋಡಿ! ತಾನು ಮಾಡಿದ್ದಕ್ಕೆ ತಾನೇ ಅಳುವ ಅಳು ಅದು.

ಹದಿನೆಂಟು ವರ್ಷವಾದ ಮೇಲೆ, 1975ರಲ್ಲಿ, 'ದೀವಾರ್' ಬಂತು. ಶಶಿ ಕಪೂರ್ ತಾಯಿಯ ಬಗ್ಗೆ ಹೇಳುವ ಆ ಒಂದು ಡೈಲಾಗು ಹಿಂದಿ ಬಾರದವರ ಬಾಯಲ್ಲೂ ಇದೆ. ಆದರೆ ಅದರ ಹಿಂದಿನ ವಿಷಯ ಗಮನಿಸಿದ್ದೀರಾ? ತಾಯಿ ಯಾಕೆ ಕಿರಿಯ ಮಗನ ಹತ್ತಿರ ಇದ್ದಾಳೆ? ಅವನೇನೂ ಕರೆದುಕೊಂಡು ಹೋದದ್ದಲ್ಲ. ದೊಡ್ಡ ಮಗನ ದುಡ್ಡು ಎಲ್ಲಿಂದ ಬರುತ್ತಿದೆ ಅಂತ ತಿಳಿದ ತಕ್ಷಣ ಆಕೆಯೇ ಬಂಗಲೆ ಬಿಟ್ಟು ನಡೆದಳು! ಡೈಲಾಗು ಮಗನದು, ನಡೆದ ಕಾಲು ತಾಯಿಯದು. ನಿರೂಪಾ ರಾಯ್ ಅಂದರೆ ಕಣ್ಣೀರು ಅಂತ ನಗೆಯಾಡುತ್ತೇವೆ. ಆದರೆ ಆ ಚಿತ್ರದ ತಕ್ಕಡಿ ಹಿಡಿದದ್ದು ಆಕೆ.

ವಯಸ್ಸಿನ ಲೆಕ್ಕ ಕೇಳಿ, ದಂಗಾಗ್ತೀರಿ!

ಇಲ್ಲೊಂದು ಲೆಕ್ಕ ಹೇಳಲೇಬೇಕು. 'ಮದರ್ ಇಂಡಿಯಾ' ಬಿಡುಗಡೆಯಾದಾಗ ನರ್ಗಿಸ್‌ಗೆ ಎಷ್ಟು ವಯಸ್ಸು? ಇಪ್ಪತ್ತೆಂಟು! ಮಗ ಬಿರ್ಜು ಆದ ಸುನಿಲ್ ದತ್ತ್‌ಗೂ ಇಪ್ಪತ್ತೆಂಟೇ. ಇಬ್ಬರೂ 1929ರ ಜೂನ್ ತಿಂಗಳಲ್ಲಿ ಹುಟ್ಟಿದವರು, ತಾಯಿ ಮಗನಿಗಿಂತ ಐದು ದಿನ ದೊಡ್ಡವರು! ಶೂಟಿಂಗ್‌ನಲ್ಲಿ ಬೆಂಕಿಯ ಮಧ್ಯೆ ಸಿಕ್ಕಿಕೊಂಡ ನರ್ಗಿಸ್ ಅವರನ್ನು ಸುನಿಲ್ ದತ್ತ್ ನುಗ್ಗಿ ಕಾಪಾಡಿದರು. 1958ರಲ್ಲಿ ಇಬ್ಬರೂ ಮದುವೆಯಾದರು.

ನಮ್ಮಲ್ಲಿ? 1978ರ 'ತಾಯಿಗೆ ತಕ್ಕ ಮಗ' ಚಿತ್ರದಲ್ಲಿ ಅಣ್ಣಾವ್ರ ತಾಯಿಯಾದವರು ಮಹಾನಟಿ ಸಾವಿತ್ರಿ. ವಯಸ್ಸಿನಲ್ಲಿ ಅಣ್ಣಾವ್ರಿಗಿಂತ ಚಿಕ್ಕವರು! 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ಅಣ್ಣಾವ್ರ ಜೋಡಿ ಪಂಢರೀಬಾಯಿ. ಅದೇ ಪಂಢರೀಬಾಯಿ 1986ರ 'ಅನುರಾಗ ಅರಳಿತು' ಹೊತ್ತಿಗೆ ಅದೇ ಅಣ್ಣಾವ್ರಿಗೆ ತಾಯಿ. 1960ರ 'ರಾಣಿ ಹೊನ್ನಮ್ಮ'ದಲ್ಲಿ ನಾಯಕಿಯಾಗಿ ಮೆರೆದ ಲೀಲಾವತಿ ಹತ್ತು ವರ್ಷ ತುಂಬುವಷ್ಟರಲ್ಲಿ ತಾಯಿ ಪಾತ್ರದ ಸೀರೆ ಉಟ್ಟಿದ್ದರು.

ಹೀರೋ ಮಾತ್ರ ಹೀರೋ ಆಗಿಯೇ ಇದ್ದ. ಇದರಲ್ಲಿ ಅಣ್ಣಾವ್ರ ತಪ್ಪಿಲ್ಲ, ಯಾವ ಒಬ್ಬ ನಟನ ತಪ್ಪೂ ಇಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತ ನಮ್ಮ ಶಿಳ್ಳೆಯ ತಪ್ಪು. ಹೀರೋ ಐವತ್ತು ದಾಟಿದರೂ ಹೂವು ತೂರುತ್ತೇವೆ. ನಾಯಕಿಗೆ ಮೂವತ್ತಾದರೆ 'ಆಂಟಿ' ಅನ್ನುತ್ತೇವೆ. ಆಮೇಲೆ ಆಕೆಗೆ ಉಳಿಯುವುದು ಎರಡೇ ದಾರಿ: ಮನೆ, ಇಲ್ಲವೇ ಕೆಮ್ಮು.

ಈ ಅನ್ಯಾಯದ ನಡುವೆಯೂ ಗಟ್ಟಿ ತಾಯಿ ಪಾತ್ರ ಸಿಕ್ಕರೆ ನಮ್ಮ ನಟಿಯರು ಏನು ಮಾಡಿ ತೋರಿಸಿದರು ಅನ್ನುವುದಕ್ಕೆ 'ಗೆಜ್ಜೆ ಪೂಜೆ' ಸಾಕ್ಷಿ.

ಗೆಜ್ಜೆ ಬೇಡ ಅಂದ ಅಪರ್ಣಾ

ಎಂ. ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಅವರ ಚಿತ್ರ, ವರ್ಷ 1969. ಎಲ್ಲರ ನೆನಪಿನಲ್ಲಿರುವುದು ಚಂದ್ರಾ ಪಾತ್ರದ ಮಿನುಗುತಾರೆ ಕಲ್ಪನಾ. ಸರಿಯೇ. ಆದರೆ ನಾನು ಹೇಳುತ್ತಿರುವುದು ಚಂದ್ರಾಳ ತಾಯಿ ಅಪರ್ಣಾ ಬಗ್ಗೆ. ಅದು ಲೀಲಾವತಿ ಅವರ ಪಾತ್ರ. ನಿಜ ಜೀವನದಲ್ಲಿ ಈ ತಾಯಿ ಮಗಳ ವಯಸ್ಸಿನ ಅಂತರ ಹತ್ತು ವರ್ಷವೂ ಇಲ್ಲ, ತೆರೆಯ ಮೇಲೆ ಅದು ನೆನಪಿಗೇ ಬರುವುದಿಲ್ಲ.

ಅಪರ್ಣಾ ಬೆಳೆದದ್ದು ವೇಶ್ಯೆಯ ಮನೆಯಲ್ಲಿ. ಒಬ್ಬನನ್ನು ನಂಬಿದಳು, ಆತ ಕೈಬಿಟ್ಟು ಹೋದ, ಮಗಳು ಹುಟ್ಟಿದಳು. ಆ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಮುಂದೆ ಗೆಜ್ಜೆ ಪೂಜೆ, ಅಂದರೆ ಅದೇ ಕಸುಬಿಗೆ ಇಳಿಸುವ ಶಾಸ್ತ್ರ. ಅಪರ್ಣಾ ಬೇಡ ಅನ್ನುತ್ತಾಳೆ. ಊರು ಬಿಟ್ಟು ಊರಿಗೆ ಬಂದು, ಮರ್ಯಾದಸ್ಥರ ಬೀದಿಯಲ್ಲಿ ಮನೆ ಮಾಡಿ, ಮಗಳನ್ನು ಓದಿಸುತ್ತಾಳೆ. ಮಗಳಿಗೊಂದು ಗಂಡು, ಒಂದು ಮನೆ, ಒಂದು ಹೆಸರು. ಇದಿಷ್ಟೇ ಆಕೆಯ ಆಸೆ. ಎಷ್ಟು ಸಣ್ಣ ಆಸೆ ನೋಡಿ! ಬೇರೆ ತಾಯಂದಿರು ಹುಡುಗನ ಸಂಬಳ ಎಷ್ಟು ಅಂತ ವಿಚಾರಿಸುವ ಜಾಗದಲ್ಲಿ ಈಕೆ ಮದುವೆಯೊಂದು ಆದರೆ ಸಾಕು ಅನ್ನುತ್ತಾಳೆ.

ಅದೂ ಸಿಗುವುದಿಲ್ಲ. ಚಂದ್ರಾಳನ್ನು ಮೆಚ್ಚಿದ ಸೋಮು ಅನುಮಾನಕ್ಕೆ ಬಿದ್ದು ಹಿಂದೆ ಸರಿಯುತ್ತಾನೆ. ಆಕೆಯ ಕೋಣೆಯಲ್ಲಿ ಅವನು ಕಂಡ ಗಂಡಸು ಬೇರೆ ಯಾರೂ ಅಲ್ಲ, ಹೆತ್ತ ತಂದೆ! ಕೊನೆಗೆ ಗೆಜ್ಜೆ ಪೂಜೆಯ ದಿನವೇ ಚಂದ್ರಾ ವಜ್ರದುಂಗುರ ನುಂಗಿ ಪ್ರಾಣ ಬಿಡುತ್ತಾಳೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಪುಟ್ಟಣ್ಣನವರ ಚಿತ್ರಕಥೆಗೂ ಬಂತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಆದದ್ದು 1982ರಲ್ಲಿ. ಅಂದರೆ ಚಿತ್ರ ಬಂದು ಹದಿಮೂರು ವರ್ಷದ ಮೇಲೆ! ಅಪರ್ಣಾ ಅದಕ್ಕೆ ಮೊದಲೇ ಒಬ್ಬಳೇ ತನ್ನ ಮನೆಯಲ್ಲಿ ಆ ಕಾಯ್ದೆ ಮಾಡಲು ಹೊರಟು ಸೋತಳು. ಸೋತರೂ ಪರೀಕ್ಷೆಯಲ್ಲಿ ಪಾಸು.

ಇದೇ ಕಲ್ಪನಾ ಎರಡೇ ವರ್ಷದಲ್ಲಿ, 1971ರ 'ಶರಪಂಜರ'ದಲ್ಲಿ, ತಾವೇ ತಾಯಿಯಾದರು. ತ್ರಿವೇಣಿಯವರ ಕಾದಂಬರಿಯ ಕಾವೇರಿ. ಹೆರಿಗೆಯ ನಂತರ ಮನಸ್ಸಿನ ಹಿಡಿತ ತಪ್ಪಿದ ತಾಯಿ! ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ, ಬೀದಿ, ಬಂಧುಬಳಗ ಎಲ್ಲರ ಕಣ್ಣಿಗೂ ಆಕೆ ಇನ್ನೂ ಹುಚ್ಚಿಯೇ. ಗಂಡನ ಮನಸ್ಸೂ ಬೇರೆ ಕಡೆ ಹೊರಟಿದೆ. ಗುಣವಾದವಳನ್ನು ಜನ ಸೇರಿಕೊಂಡು ಮತ್ತೆ ಕಾಯಿಲೆಗೆ ನೂಕುತ್ತಾರೆ. ಹೆತ್ತ ಹೆಣ್ಣಿಗೆ ಮೈ ಮಾತ್ರವಲ್ಲ, ಮನಸ್ಸೂ ದಣಿಯುತ್ತದೆ ಅಂತ ಕನ್ನಡದ ಟಾಕೀಸುಗಳಲ್ಲಿ ಗಟ್ಟಿಯಾಗಿ ಹೇಳಿದ ಚಿತ್ರ ಅದು. ಬರೆದ ತ್ರಿವೇಣಿಯವರು ಅದನ್ನು ನೋಡಲಿಲ್ಲ. ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ, 1963ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡಿದ್ದರು. ಎಂಥಾ ವಿಧಿ!

ಮಗನನ್ನು ಬಿಟ್ಟು ನಡೆದ ಕಾತ್ಯಾಯನಿ

ಈಗ ನಿಮಗೆ ಇಷ್ಟವಾಗದ ತಾಯಿಯ ಕಥೆ. ಹೌದು, ನಮ್ಮಂಥ ಗಂಡುಹುಡುಗರಿಗೆ ನುಂಗಲಾರದ ತುತ್ತು ಈಕೆ.

ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ' ಕಾದಂಬರಿ ಬಂದದ್ದು 1965ರಲ್ಲಿ. ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡ್ ಸೇರಿ ಚಿತ್ರ ಮಾಡಿದರು, 1972ರಲ್ಲಿ ತೆರೆಕಂಡಿತು. ಇಬ್ಬರಿಗೂ ಸೇರಿ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ. ನಮ್ಮ ಸಾಹಸಸಿಂಹ ವಿಷ್ಣು 'ನಾಗರಹಾವು'ವಿನ ರಾಮಾಚಾರಿ ಆಗುವುದಕ್ಕೆ ಮೊದಲು ಸಣ್ಣದೊಂದು ಪಾತ್ರ ಮಾಡಿದ್ದು ಇದರಲ್ಲೇ, ಇನ್ನೂ ಸಂಪತ್‌ಕುಮಾರ್ ಆಗಿದ್ದಾಗ. ಕಾತ್ಯಾಯನಿಯಾಗಿ ಎಲ್. ವಿ. ಶಾರದಾ.

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಸೊಸೆ ಕಾತ್ಯಾಯನಿ. ಗಂಡ ಕಪಿಲಾ ನದಿಯ ಪಾಲಾದ. ಕಂಕುಳಲ್ಲಿ ಚಿಕ್ಕ ಮಗು ಚೀನಿ. ಗಂಡ ಅರ್ಧಕ್ಕೆ ಬಿಟ್ಟುಹೋದ ಓದನ್ನು ತಾನು ಮುಗಿಸುತ್ತೇನೆ ಅಂತ ಹಟ ಹಿಡಿದು, ದಿನಾ ರೈಲು ಹತ್ತಿ ಮೈಸೂರಿನ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ರಾಜ ಅನ್ನುವ ಅಧ್ಯಾಪಕನ ಪರಿಚಯ, ಪ್ರೀತಿ, ಮದುವೆ. ವಿಧವೆ ಮರುಮದುವೆ ಆದಳು. ಮಗುವನ್ನು ಕೇಳಲು ಮಾವನ ಮನೆಗೆ ಹೋದವಳು ಬರಿಗೈಯಲ್ಲಿ ಹಿಂದಿರುಗಿದಳು. ಶ್ರೋತ್ರಿಗಳು ಕೆಟ್ಟವರಲ್ಲ. ಧರ್ಮಕ್ಕೆ ಅಂಜಿ ನಡೆಯುವ ದೊಡ್ಡ ಮನುಷ್ಯ. ಮಗು ವಂಶಕ್ಕೆ ಸೇರಿದ್ದು ಅನ್ನುವುದು ಅವರ ನಂಬಿಕೆ. ಇಬ್ಬರೂ ಒಳ್ಳೆಯವರು, ಆದರೂ ತಾಯಿ ಮಗು ಅಗಲಬೇಕಾಯಿತು. ವಿಲನ್ ಇಲ್ಲದ ಕಥೆಯ ಕಷ್ಟ ಇದೇ ನೋಡಿ, ಯಾರಿಗೆ ಹೊಡೆಯೋಣ?

ಹೊಸ ಸಂಸಾರದಲ್ಲಿ ಆಕೆಗೆ ಮತ್ತೆ ಮತ್ತೆ ಗರ್ಭಪಾತ. ವರ್ಷಗಳು ಉರುಳುತ್ತವೆ. ಆಕೆ ಪಾಠ ಹೇಳುವ ಕಾಲೇಜಿಗೇ ವಿದ್ಯಾರ್ಥಿಯಾಗಿ ಬರುತ್ತಾನೆ ಚೀನಿ! ಹಾಜರಿ ಪುಸ್ತಕದಲ್ಲಿ ಮಗನ ಹೆಸರು ಕೂಗುವ ತಾಯಿಯನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಿ. ಈಕೆ ತಾಯಿ ಅಂತ ಗೊತ್ತಾದ ಮೇಲೂ ಆ ಮಗ 'ಅಮ್ಮಾ' ಅನ್ನುವುದಿಲ್ಲ. ಬಿಟ್ಟುಹೋದವಳು ತಾಯಿಯೇ ಅಲ್ಲ ಅಂತ ಮುಖ ತಿರುಗಿಸುತ್ತಾನೆ. ಆಕೆ ಒಳಗೇ ಕರಗುತ್ತಾ ಹೋಗುತ್ತಾಳೆ.

ಇಲ್ಲಿ ನಾವು ಯಾರ ಪಕ್ಷ? ಮೊದಲ ಸಲ ಓದಿದಾಗ ನಾನು ಚೀನಿಯ ಪಕ್ಷ. ಎರಡನೇ ಸಲ ಒಂದು ಪ್ರಶ್ನೆ ಎದ್ದಿತು. ಇದೇ ಕಥೆಯಲ್ಲಿ ಹೆಂಡತಿ ಸತ್ತ ಗಂಡಸು ಮರುಮದುವೆಯಾಗಿ ಮಗುವನ್ನು ಅಜ್ಜಿಮನೆಯಲ್ಲಿ ಬಿಟ್ಟಿದ್ದರೆ ಯಾವ ಮಗ ಹೀಗೆ ಮುಖ ತಿರುಗಿಸುತ್ತಿದ್ದ? ನಮ್ಮ ಊರುಗಳಲ್ಲಿ ಅಂಥ ಅಪ್ಪಂದಿರು ಬೀದಿಗಿಬ್ಬರು ಸಿಗುತ್ತಾರೆ. ಮಕ್ಕಳು ಹಬ್ಬಕ್ಕೆ ಹೋಗಿ ಕಾಲಿಗೆ ಬಿದ್ದು ಬರುತ್ತಾರೆ. ತಾಯಿಗೆ ಮಾತ್ರ ಆ ರಿಯಾಯಿತಿ ಇಲ್ಲ. ತಾಯಿ ಅಂದರೆ ತನಗೆ ಅಂತ ಏನೂ ಬೇಡದವಳು ಅಂತ ಸಿನಿಮಾ ನಮಗೆ ಕಲಿಸಿಬಿಟ್ಟಿದೆ. ಬೇಕು ಅಂದವಳು ಕಾತ್ಯಾಯನಿ. ಅದಕ್ಕೇ ಆಕೆಯನ್ನು ಮೆಚ್ಚುವುದು ಕಷ್ಟ, ಮರೆಯುವುದು ಇನ್ನೂ ಕಷ್ಟ.

ಭೈರಪ್ಪನವರು ಇಟ್ಟಿರುವ ಏಟು ಬೇರೆಯೇ ಇದೆ. ವಂಶ, ವಂಶ ಅಂತ ಬದುಕಿದ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ಹಳೇ ಕಾಗದಪತ್ರಗಳಿಂದ ಒಂದು ಸತ್ಯ ತಿಳಿಯುತ್ತದೆ: ತಾವೇ ಆ ವಂಶದ ರಕ್ತದವರಲ್ಲ! ಅಂದರೆ ಆ ಮಹಾವೃಕ್ಷದ ಬೇರು ಅವರ ತಾಯಿಯೊಬ್ಬಳ ಮೌನದಲ್ಲಿ ಅಡಗಿತ್ತು. ಎಲ್ಲ ಬಿಟ್ಟು ಹೊರಟ ಶ್ರೋತ್ರಿಗಳು ಕೊನೆಗೆ ಬಂದು ನಿಲ್ಲುವುದು ಕಾತ್ಯಾಯನಿಯ ಸಾವಿನ ಹಾಸಿಗೆಯ ಹತ್ತಿರ. ಯಾವ ಫೈಟ್ ಮಾಸ್ಟರ್ ಕೊಡಬಲ್ಲ ಇಂಥ ಕ್ಲೈಮ್ಯಾಕ್ಸು?

ಲೆಕ್ಕ ಬರೆದ ನಂಜಮ್ಮ

ಅದೇ ಭೈರಪ್ಪನವರ 'ಗೃಹಭಂಗ' 1970ರದು. ತಾಯಿ ಪಾತ್ರಗಳ ಜಾತ್ರೆಗೆ ತೇರು ಇದು ಅಂತ ನನ್ನ ಅಭಿಪ್ರಾಯ. ಇಲ್ಲಿ ಇಬ್ಬರು ತಾಯಂದಿರಿದ್ದಾರೆ. ಒಬ್ಬಳು ಗಂಗಮ್ಮ. ಬಾಯಿ ತೆರೆದರೆ ಬೈಗುಳ. ಹೆತ್ತ ಮಕ್ಕಳನ್ನು ಆಕೆ ಬೈಯುವ ಬೈಗುಳ ಇಲ್ಲಿ ಅಚ್ಚು ಹಾಕಿದರೆ ಸಂಪಾದಕರು ನನ್ನ ಅಂಕಣಕ್ಕೇ ಬೀಗ ಹಾಕುತ್ತಾರೆ! ಆಕೆ ಬೆಳೆಸಿದ ಇಬ್ಬರು ಗಂಡುಮಕ್ಕಳು, ಚೆನ್ನಿಗರಾಯ ಮತ್ತು ಅಪ್ಪಣ್ಣಯ್ಯ. ಹೊಟ್ಟೆ ತುಂಬಿದರೆ ಸಾಕು, ಬೇರೆ ಯೋಚನೆಯೇ ಇಲ್ಲದ ಗಂಡಸರು. ಆಸ್ತಿ ಕರಗುತ್ತದೆ, ಮನೆ ಒಡೆಯುತ್ತದೆ.

ಇನ್ನೊಬ್ಬಳು ಆ ಮನೆಗೆ ಸೊಸೆಯಾಗಿ ಬಂದ ನಂಜಮ್ಮ. ಗಂಡ ಚೆನ್ನಿಗರಾಯ ಶ್ಯಾನುಭೋಗ. ಹೆಸರಿಗೆ ಮಾತ್ರ! ಖಾತೆ ಕಿರ್ದಿ ಬರೆಯಲು ಅವನಿಗೆ ಬರುವುದಿಲ್ಲ. ನಂಜಮ್ಮ ಕಲಿತು, ಕಾಗದಕ್ಕೆ ಗೆರೆ ಹಾಕಿ, ಊರಿನ ಲೆಕ್ಕ ತಾನು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಅವಳು ಗಳಿಸಿದ್ದನ್ನು ಗಂಡ ತಿಂದು ಮಲಗುತ್ತಾನೆ. ಬರಗಾಲ ಬರುತ್ತದೆ, ಮಕ್ಕಳಿಗೆ ಹಾಕಲು ಹಿಟ್ಟಿಲ್ಲದ ದಿನ ಬರುತ್ತದೆ. ಮಗಳು ಪಾರ್ವತಿ, ಮಗ ರಾಮಣ್ಣ. ಬೆಳೆದು ಕೈಗೆ ಬಂದ ಎರಡೂ ಮಕ್ಕಳನ್ನು ಪ್ಲೇಗು ಬೆನ್ನುಬೆನ್ನಿಗೆ ಹೊತ್ತೊಯ್ಯುತ್ತದೆ. ಕೊನೆಗೆ ನಂಜಮ್ಮನನ್ನೂ ಅದೇ ಪ್ಲೇಗು ಬಿಡುವುದಿಲ್ಲ. ಉಳಿಯುವವನು ಕಿರಿಯ ಮಗ ವಿಶ್ವ.

ಈ ಪಾತ್ರದ ಹಿಂದೆ ಭೈರಪ್ಪನವರ ಸ್ವಂತ ತಾಯಿಯ ನೆರಳಿದೆ. ಅವರ ತಾಯಿಯನ್ನೂ ಪ್ಲೇಗೇ ಕೊಂಡೊಯ್ದಿತು. ಆದರೂ ಪುಸ್ತಕದಲ್ಲಿ ಎಲ್ಲೂ ಲೇಖಕ ನಿಂತು ತಾಯಿಯನ್ನು ದೇವತೆ ಮಾಡಿ ಮಂಗಳಾರತಿ ಎತ್ತುವುದಿಲ್ಲ. ಈ ದಿನ ಎಷ್ಟು ಹಿಟ್ಟು ಇತ್ತು, ಎಲೆಗೆ ಎಷ್ಟು ದುಡ್ಡು ಬಂತು, ಯಾರು ಏನು ಬೈದರು, ಇಷ್ಟೇ ಬರೆಯುತ್ತಾ ಹೋಗುತ್ತಾರೆ. ಓದುವವನಿಗೆ ಎದೆ ಭಾರವಾಗುತ್ತದೆ. ಗಿರೀಶ್ ಕಾಸರವಳ್ಳಿಯವರು ಇದನ್ನು ಟೀವಿ ಧಾರಾವಾಹಿ ಮಾಡಿದರು, ಮಾಳವಿಕಾ ಅವರು ನಂಜಮ್ಮ ಆದರು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಂಜಮ್ಮ ಇದ್ದಾಳೆ.

ನಂಜಮ್ಮನ ಪಕ್ಕದಲ್ಲಿ ಕೂರಿಸಬಹುದಾದ ಒಬ್ಬಳು ರಷ್ಯಾದಲ್ಲಿದ್ದಾಳೆ. ಮಾಕ್ಸಿಂ ಗೋರ್ಕಿಯವರ 'ತಾಯಿ' ಕಾದಂಬರಿಯ ನಿಲೋವ್ನಾ. ನಿರಂಜನರು ಕನ್ನಡಕ್ಕೆ ತಂದಿದ್ದಾರೆ. ಕುಡುಕ ಗಂಡನ ಏಟು ತಿಂದು ತಿಂದು ಕುಗ್ಗಿದ ಹೆಂಗಸು. ಮಗ ಪಾವೆಲ್ ಕಾರ್ಮಿಕ ಚಳವಳಿಗೆ ಇಳಿದಾಗ ಮೊ��ಲು ಹೆದರುತ್ತಾಳೆ. ಆಮೇಲೆ ನಲವತ್ತು ದಾಟಿದ ಮೇಲೆ ಅಕ್ಷರ ಕಲಿಯಲು ಕೂರುತ್ತಾಳೆ! ಕೊನೆಗೆ ಮಗ ಕೋರ್ಟಿನಲ್ಲಿ ಮಾಡಿದ ಭಾಷಣದ ಕರಪತ್ರಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ರೈಲ್ವೆ ಸ್ಟೇಷನ್ನಿಗೆ ಬರುತ್ತಾಳೆ. ಪೊಲೀಸರು ಸುತ್ತುವರಿದಾಗ ಓಡುವುದಿಲ್ಲ, ಪೆಟ್ಟಿಗೆ ತೆರೆದು ಕರಪತ್ರಗಳನ್ನು ಜನರತ್ತ ಎರಚುತ್ತಾಳೆ. 1926ರಲ್ಲಿ ಪುಡೋವ್ಕಿನ್ ಇದನ್ನು ಮೂಕಿಚಿತ್ರ ಮಾಡಿದರು. ಅದರಲ್ಲಿ ಬಾವುಟ ಹಿಡಿದು ನಿಲ್ಲುವ ತಾಯಿಯನ್ನು ಲೋಕದ ಸಿನಿಮಾ ವಿದ್ಯಾರ್ಥಿಗಳೆಲ್ಲ ನೋಡಿಯೇ ಪಾಸಾಗುವುದು.

ಶಿಳ್ಳೆ ಹೊಡೆಸಿಕೊಂಡ ತಾಯಂದಿರು

'ಏನಯ್ಯಾ, ಬರೀ ಕಾದಂಬರಿ ಕೊರೀತೀಯಾ, ನಮ್ಮ ಮಾಸ್ ಚಿತ್ರಗಳಲ್ಲಿ ತಾಯಿ ಇಲ್ಲವಾ?' ಅಂತ ನೀವು ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಇದ್ದಾರೆ.

1977ರ 'ಬಭ್ರುವಾಹನ'. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ. ಚಿತ್ರಾಂಗದೆ ಬಿ. ಸರೋಜಾದೇವಿ. ಅರ್ಜುನ ಆಕೆಯ ಶೀಲದ ಮೇಲೆ ಮಾತಾಡಿದ್ದೇ ತಡ, ಮಗ ತಂದೆಯ ಎದುರೇ ಬಿಲ್ಲು ಎತ್ತುತ್ತಾನೆ. ಟಾಕೀಸು ಕಿತ್ತುಹೋಗುವಂತೆ ಶಿಳ್ಳೆ! ತಾಯಿಯ ಮಾನದ ಪ್ರಶ್ನೆ ಬಂದರೆ ತಂದೆಯಾದರೇನು ಅನ್ನುವ ಮಾತು ನಮ್ಮ ನರನರಕ್ಕೂ ಇಳಿದಿದೆ. ಒಳ್ಳೆಯದೇ. ಒಂದೇ ಕೊರತೆ. ಮಾತೆಲ್ಲ ತಂದೆಮಗನದು, ವಿಷಯ ಮಾತ್ರ ತಾಯಿಯದು.

1972ರ 'ನಾಗರಹಾವು'ವಿನಲ್ಲಿ ಚಾಮಯ್ಯ ಮೇಷ್ಟ್ರ ಹೆಂಡತಿ ತುಂಗಾ. ಮತ್ತೆ ಲೀಲಾವತಿ! ಹೆತ್ತಿಲ್ಲ, ಹೊತ್ತಿಲ್ಲ. ಆದರೆ ಊರಿಗೆಲ್ಲ ಬೇಡವಾದ ರಾಮಾಚಾರಿಗೆ ಬಾಗಿಲು ತೆರೆದ ಮನೆ ಆಕೆಯದು. ಹೆರದೆಯೂ ತಾಯಿಯಾಗಬಹುದು ಅಂತ ತ. ರಾ. ಸು. ಮತ್ತು ಪುಟ್ಟಣ್ಣ ಭಾಷಣ ಮಾಡದೆ ಹೇಳಿದರು.

2005ರ 'ಜೋಗಿ'. ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಬೆಂಗಳೂರಿಗೆ ಬರುವ ಭಾಗ್ಯಕ್ಕ, ಅರುಂಧತಿ ನಾಗ್. ಕೈಗೆಟುಕುವಷ್ಟು ಹತ್ತಿರ ಬಂದರೂ ತಾಯಿಗೆ ಮಗ ಸಿಗುವುದಿಲ್ಲ. ಆಕೆಯ ಶವಯಾತ್ರೆ ಹೋಗುವಾಗ, ಇದು ನನ್ನ ತಾಯಿ ಅಂತ ಗೊತ್ತಿಲ್ಲದೆ ಶಿವಣ್ಣ ಅದರ ಮುಂದೆ ಕುಣಿಯುತ್ತಾರೆ. ಶಿಳ್ಳೆ ಹೊಡೆಯಲು ಬಾಯಿಗೆ ಬೆರಳಿಟ್ಟವರು ಹಾಗೇ ಕೂತುಬಿಟ್ಟರು. ಇಲ್ಲೂ ನೋಡಿ, ಆ ತಾಯಿ ಮನೆಯಲ್ಲಿ ಕೂತು ಅಳಲಿಲ್ಲ. ಗೊತ್ತಿಲ್ಲದ ಊರಿಗೆ ಒಬ್ಬಳೇ ಹೊರಟಳು. ಹೊರಟದ್ದರಿಂದಲೇ ಕಥೆ ಆಯಿತು.

ಇನ್ನು 2018ರ 'ಕೆ.ಜಿ.ಎಫ್'. ರಾಕಿ ಕಟ್ಟಿದ ಸಾಮ್ರಾಜ್ಯವೆಲ್ಲ ತಾಯಿಗೆ ಕೊಟ್ಟ ಒಂದು ಮಾತಿನ ಮೇಲೆ ನಿಂತಿದೆ. ಆ ತಾಯಿಯಾದ ಅರ್ಚನಾ ಜೋಯಿಸ್ ನಿಜದಲ್ಲಿ ಯಶ್‌ಗಿಂತ ವಯಸ್ಸಿನಲ್ಲಿ ಚಿಕ್ಕವರು. ಬಡವನಾಗಿ ಸಾಯಬೇಡ ಅನ್ನುವ ತಾಯಿ! ಇದುವರೆಗಿನ ಅಮ್ಮಂದಿರೆಲ್ಲ 'ಹಸಿದರೂ ಪರವಾಗಿಲ್ಲ, ತಪ್ಪು ದಾರಿ ಹಿಡಿಯಬೇಡ' ಅಂದರೆ, ಈಕೆ ಮಗನಿಗೆ ಆಸೆ ಕಲಿಸಿ ಹೋದಳು. ಸರಿಯೋ ತಪ್ಪೋ, ಆಸೆ ಆಕೆಯದು. ಪಾಸು! ಅಂದಹಾಗೆ ಪಾತ್ರದ ಹೆಸರು ಗೊತ್ತೇ? ಶಾಂತಮ್ಮ. ಬರೆದಿಟ್ಟುಕೊಳ್ಳಿ, ಪಂದ್ಯಕ್ಕೆ ಬೇಕಾಗುತ್ತದೆ.

ಕೊನೇ ರೀಲು

ಇದೆಲ್ಲ ಯಾಕೆ ಹೇಳಿದೆ? ತೆರೆಯ ತಾಯಿಯನ್ನು ನೋಡಿ ನೋಡಿ ನಾವು ಮನೆಯ ತಾಯಿಯನ್ನೂ ಹಾಗೇ ನೋಡಲು ಕಲಿತಿದ್ದೇವೆ. ರಾತ್ರಿ ಸೆಕೆಂಡ್ ಶೋ ಮುಗಿಸಿ ಹೋದರೂ ತಟ್ಟೆಯಲ್ಲಿ ಮುದ್ದೆ ಇರುತ್ತದೆ. ಎಬ್ಬಿಸಿದ್ದಕ್ಕೆ ಆಕೆ ಗೊಣಗಿದರೆ ನಮಗೆ ಕೋಪ. ಯಾಕೆಂದರೆ ಸಿನಿಮಾದ ಅಮ್ಮ ಗೊಣಗುವುದಿಲ್ಲ! ತಾಯಿಯ ಹೆಸರು ಹಚ್ಚೆ ಹಾಕಿಸಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಆಕೆಗೆ ಏನು ಇಷ್ಟ ಅಂತ ಕೇಳಿದವರು ಎಷ್ಟು ಜನ?

ಅಳುವ ಅಮ್ಮನನ್ನು ಬರೆಯುವುದು ಸುಲಭ, ಪೂಜಿಸುವುದು ಇನ್ನೂ ಸುಲಭ. ತಾನು ಹೀಗೆ ಬದುಕುತ್ತೇನೆ ಅಂತ ತೀರ್ಮಾನ ಮಾಡುವ ಅಮ್ಮನನ್ನು ಒಪ್ಪುವುದು ಕಷ್ಟ. ಮರುಮದುವೆ ಆಗುತ್ತೇನೆ ಅನ್ನಬಹುದು, ಕೆಲಸಕ್ಕೆ ಹೋಗುತ್ತೇನೆ ಅನ್ನಬಹುದು, ನಲವತ್ತು ದಾಟಿದ ಮೇಲೆ ಓದು ಕಲಿಯುತ್ತೇನೆ ಅನ್ನಬಹುದು. 'ನೀನು ತಪ್ಪು ಮಾಡಿದರೆ ನಿನ್ನ ಪಕ್ಷ ವಹಿಸುವುದಿಲ್ಲ' ಅಂತಲೂ ಅನ್ನಬಹುದು. ಅನ್ನಲಿ. ಅಂಥ ತಾಯಿ ತೆರೆಯ ಮೇಲೆ ಬಂದಾಗ ಗಾಂಧಿ ಕ್ಲಾಸಿನಿಂದ ಒಂದು ಶಿಳ್ಳೆ ಬೀಳಲಿ. ಶಿಳ್ಳೆ ಎಲ್ಲಿ ಬೀಳುತ್ತದೋ ಅಲ್ಲಿಗೆ ನಿರ್ಮಾಪಕರ ದುಡ್ಡು ಬೀಳುತ್ತದೆ, ಇದು ಗಾಂಧಿನಗರದ ಹಳೇ ಗಣಿತ. ನಾಯಕಿಯರಿಗೂ ಮೂವತ್ತಕ್ಕೆ ಕೆಮ್ಮು ಶುರುವಾಗುವುದು ತಪ್ಪುತ್ತದೆ.

'ವಂಶವೃಕ್ಷ', 'ಗೃಹಭಂಗ' ಎರಡೂ ಲೈಬ್ರರಿಗಳಲ್ಲಿ ಸಿಗುತ್ತವೆ. ದಪ್ಪ ಪುಸ್ತಕ ಅಂತ ಹೆದರಬೇಡಿ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನಗೆ ಅರ್ಥವಾಗಿದೆ, ನಿಮಗೆ ಕಷ್ಟವಲ್ಲ.

ಪಂದ್ಯ ಮರೆಯಬೇಡಿ: ಹತ್ತು ಚಿತ್ರ, ಹತ್ತು ತಾಯಂದಿರ ಹೆಸರು, ಒಂದು ಕಾರ್ಡು. ಬಹುಮಾನ ಏನಿಲ್ಲ, ಸರಿಯುತ್ತರ ಬರೆದವರ ಹೆಸರು ಇದೇ ಪುಟದಲ್ಲಿ ಅಚ್ಚಾಗುತ್ತದೆ. ಒಂದೇ ಷರತ್ತು. ಕಾರ್ಡಿನ ಕೆಳಗೆ ನಿಮ್ಮ ತಾಯಿಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು ಅಂತ ಬರೆಯಿರಿ. ಗೊತ್ತಿಲ್ಲದಿದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ.

ಬಸ್ಸು ಬಂತು ನೋಡಿ. ಮುಂದಿನ ವಾರ ಮತ್ತೆ ಸಿಗೋಣ!